ಅಪ್ಪ ಕುಡಿದ ಹೊಲದ ಕಷಾಯ

ನಮ್ಮ ಅಡುಗೆಮನೆಗೆ ಹೊಸದಾಗಿ ಬಂದವರು ಮೊದಲು ನಗುತ್ತಾರೆ, ಆಮೇಲೆ ಚಹಾ ಕುಡಿಯುತ್ತಾರೆ. ನಗುವುದು ನಾನು ಅಂಟಿಸಿದ ಚೀಟಿಗಳನ್ನು ನೋಡಿ. ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದು ಬರೆದಿದೆ, ಸಕ್ಕರೆಯ ಮೇಲೆ ‘ಸಕ್ಕರೆ’ ಎಂದು. ಗಾಜಿನ ಭರಣಿಯಲ್ಲಿ ಎಲ್ಲರಿಗೂ ಕಾಣುವಂತೆ ಕೂತಿರುವ ಮಾವಿನ ಉಪ್ಪಿನಕಾಯಿಗೂ ಚೀಟಿ ತಪ್ಪಿಲ್ಲ. ಕೊಬ್ಬರಿ ಎಣ್ಣೆಯ ಬಾಟಲಿಗೆ ಎರಡು ಚೀಟಿ. ಒಂದು ಕನ್ನಡದಲ್ಲಿ, ಇನ್ನೊಂದು ನಮ್ಮ ಮನೆಗೆಲಸದ ಸುಮನಬಾಯಿಗೆ ಓದಲು ಬರಲಿ ಎಂದು ಮರಾಠಿಯಲ್ಲಿ. ಪಕ್ಕದ ಮನೆಯಾಕೆ ಒಮ್ಮೆ, “ಸರೋಜಾಬಾಯಿ, ನಿಮ್ಮ ಸಾಹೇಬರಿಗೂ ಒಂದು ಚೀಟಿ ಹಚ್ಚಿಬಿಡ್ರಿ, ಬಾಜಾರದಾಗ ಬದಲಾದ್ರ ಕಷ್ಟ” ಎಂದಳು. ನಮ್ಮವರು ಪೇಪರು ಓದುತ್ತಿದ್ದವರು ತಲೆ ಎತ್ತದೆ, “ಹಚ್ಚಿ ಇಪ್ಪತ್ತು ವರ್ಷ ಆಯ್ತು, ಅಕ್ಷರ ಅಳಿಸ್ಯಾವ” ಅಂದರು.

ಉದಗೀರಿನ ಶಾಲೆಯೊಂದರಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸುತ್ತ ಬಂದವಳು ನಾನು. ಪ್ರಯೋಗಾಲಯದ ಚಾಳಿ ಮನೆಯವರೆಗೂ ಬಂದಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಗೌರವದ ಮಾತಾದ್ದರಿಂದ ನಾನೂ ತಿದ್ದಲು ಹೋಗಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಪ್ರಯೋಗಾಲಯದಲ್ಲಿ ಪ್ರತಿ ಬಾಟಲಿಗೂ ಅಚ್ಚುಕಟ್ಟಾಗಿ ಚೀಟಿ ಅಂಟಿಸಿ ಶಾಭಾಸ್‌ಗಿರಿ ಪಡೆದ ಇದೇ ಸರೋಜಾ, ಮನೆಯಲ್ಲಿ ಒಂದೇ ಒಂದು ಬಾಟಲಿಗೆ ಚೀಟಿ ಅಂಟಿಸದೆ ಅಪ್ಪನನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ್ದಳು.

ನನ್ನ ತವರು ಉಮರ್ಗಾದ ಹತ್ತಿರದ ಗುಂಜೋಟಿ. ಅಪ್ಪನದು ಕಿರಾಣಿ ಅಂಗಡಿ. ಹಣೆಯ ತುಂಬ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿಯೇ ಅಂಗಡಿಯ ಬೀಗ ತೆಗೆಯುವ ಮನುಷ್ಯ. ಊರಿನಾಚೆ ನಾಲ್ಕೆಕರೆ ಕಪ್ಪು ಭೂಮಿ ಇತ್ತು, ಆದರೆ ಅದನ್ನು ಪಾಲಿಗೆ ಕೊಟ್ಟಿದ್ದೆವು. ಅವ್ವನಿಗಂತೂ ಹೊಲವೆಂದರೆ ವರ್ಷಕ್ಕೊಮ್ಮೆ ಎಳ್ಳಮಾಸಿಗೆ, ಅಂದರೆ ಎಳ್ಳಮವಾಸ್ಯೆಯ ದಿನ, ಬುತ್ತಿ ಕಟ್ಟಿಕೊಂಡು ಹೋಗಿ, ಪೂಜೆ ಮಾಡಿ, ಉಂಡು ಬರುವ ಜಾಗ, ಅಷ್ಟೇ.

ಒಂದು ರಾತ್ರಿ ನಮ್ಮ ಸೀಮೆಯನ್ನೇ ನಡುಗಿಸಿದ ಭೂಕಂಪದಲ್ಲಿ ನಮ್ಮ ಮನೆಯ ಹಿಂಭಾಗದ ಕಲ್ಲಿನ ಗೋಡೆಗಳು, ಮಣ್ಣಿನ ಮಾಳಿಗೆ ಎಲ್ಲ ಕುಸಿದವು. ನಾವು ಮೂವರೂ ಮುಂದಿನ ಪಡಸಾಲೆಯಲ್ಲಿ ಇದ್ದುದರಿಂದ ಉಳಿದೆವು. ಸುತ್ತಲಿನ ಊರುಗಳ ಸುದ್ದಿ ಬರುತ್ತ ಹೋದ ಹಾಗೆ ಅವ್ವ ನಮ್ಮ ಮನೆಯ ಮಾತೇ ಆಡಗೊಡಲಿಲ್ಲ. ಯಾರಾದರೂ ಮರುಕ ತೋರಿಸಿದರೆ, “ನಮ್ದು ಗ್ವಾಡಿ ಬಿದ್ದಾವ. ಮಂದೀದು ಮನಿ ಮಂದಿನೇ ಹೋಗ್ಯಾರ” ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಆದರೆ ಕಲ್ಲಿನ ಗೋಡೆಯ ಕೆಳಗೆ ಮಲಗಲು ಆಕೆಯ ಜೀವ ಒಪ್ಪಲಿಲ್ಲ. ಅಪ್ಪ ಹೊಲದಲ್ಲಿ ಒಂದು ತಗಡಿನ ಶೆಡ್ಡು ಹಾಕಿಸಿದ. ಸ್ವಲ್ಪ ದಿನಕ್ಕೆ ಎಂದು ಹೋದವರು ಅಲ್ಲೇ ಉಳಿದೆವು. ಹಳೆಯ ಮನೆ ರಿಪೇರಿ ಆದ ಮೇಲೂ ಅವ್ವ ಊರೊಳಗೆ ಬರಲಿಲ್ಲ. ಪಾಲಿಗೆ ಕೊಟ್ಟಿದ್ದ ಹೊಲವನ್ನು ಬಿಡಿಸಿಕೊಂಡು ತಾನೇ ಮಾಡತೊಡಗಿದಳು.

ಆ ದಿನಗಳಲ್ಲಿ ಬಂಧುಗಳು ಕಂಬಳಿ ಕೊಟ್ಟರು, ಪಾತ್ರೆ ಕೊಟ್ಟರು. ದೇವಣಿಯಲ್ಲಿದ್ದ ನನ್ನ ಸೋದರಮಾವ ಮಾತ್ರ ಒಂದು ಆಕಳು ಹೊಡೆದುಕೊಂಡು ಬಂದ. ಬಿಳಿಯ ಮೈಮೇಲೆ ಕಪ್ಪು ಚುಕ್ಕೆಗಳ ಅಪ್ಪಟ ದೇವಣಿ ತಳಿ. “ತಂಗಿ, ಇದರ ಹಾಲು ನಿನಗ, ಸೆಗಣಿ ಗಂಜಳ ಹೊಲಕ್ಕ. ಎರಡೂ ಚೆಲ್ಲಬ್ಯಾಡ” ಎಂದು ಹೇಳಿ, ಒಂದು ಊಟ ಮಾಡಿ ಹೋದ. ಅವ್ವ ಅಣ್ಣನ ಮಾತನ್ನು ಅಕ್ಷರಶಃ ಹಿಡಿದಳು. ಸೆಗಣಿ, ಗಂಜಳ, ಬೆಲ್ಲ, ಕಡಲೆಹಿಟ್ಟು, ಬದುವಿನ ಮರದ ಬುಡದ ಒಂದು ಹಿಡಿ ಮಣ್ಣು, ಇಷ್ಟನ್ನು ನೀರಿನಲ್ಲಿ ಕಲೆಸಿ, ನೆರಳಲ್ಲಿಟ್ಟು, ದಿನಕ್ಕೆರಡು ಸಲ ಕೋಲಿನಿಂದ ತಿರುವಿ ಗಿಡಗಳ ಬುಡಕ್ಕೆ ಹಾಕುವುದು. ಈಗ ಅದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಅವ್ವ ಅದನ್ನು ‘ಹೊಲದ ಅಂಬಲಿ’ ಅನ್ನುತ್ತಿದ್ದಳು. ಮೊದಲ ಗಡಿಗೆಯನ್ನು ಬಿಸಿಲಲ್ಲಿಟ್ಟು ಕೆಡಿಸಿದಳು. ಆ ವಾಸನೆಗೆ ಮೂರು ದಿನ ನಮ್ಮ ಶೆಡ್ಡಿಗೆ ಯಾರೂ ಚಹಾಕ್ಕೆ ಬರಲಿಲ್ಲ. ಅಂಗಡಿಯಲ್ಲಿ ಬೆಲ್ಲದ ಪೆಂಟೆ ಸವೆಯುವುದನ್ನು ನೋಡಿದ ಅಪ್ಪ, “ಹೋಳಿಗಿ ಮಾಡಿದ್ರ ನಾವರ ತಿಂತಿದ್ವಿ. ಭೂಮಿಗಿ ಏನ್ ರುಚಿ ತಿಳೀತದ?” ಎಂದು ಗೊಣಗಿದ. “ತಿಳೀತದ. ನಿಮಗಿಂತ ಜಲ್ದಿ ತಿಳೀತದ” ಎಂದಳು ಅವ್ವ.

ಮೊದಲ ವರ್ಷ ಜೋಳ ಕಡಿಮೆಯೇ ಬಂತು. ಅಪ್ಪ ಏನೂ ಹೇಳಲಿಲ್ಲ, ಆದರೆ ಹೇಳದಿರುವುದನ್ನು ಎಲ್ಲರಿಗೂ ಕೇಳುವಂತೆ ಮಾಡುತ್ತಿದ್ದ. ಎರಡನೆಯ ವರ್ಷ ಮಳೆಗಾಲದಲ್ಲಿ ಅವ್ವ ನನ್ನನ್ನು ಕರೆದು ಮಣ್ಣಿನ ಒಂದು ಹೆಂಟೆ ತೋರಿಸಿದಳು. ಬೆರಳು ತಾಗಿಸಿದರೆ ಪುಡಿಯಾಯಿತು, ಒಳಗಿಂದ ಎರೆಹುಳು ಹೊರಬಂತು. ಚಿನ್ನದ ಸರ ಸಿಕ್ಕವಳ ಮುಖ ಆಕೆಯದು. ನಾನು ಆಗ ಉದಗೀರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ಆಕೆಗೆ ಸಾರಜನಕ, ರಂಜಕ ಎಂದು ಅರ್ಧ ಗಂಟೆ ಪಾಠ ಹೇಳಿದೆ. ಅವ್ವ ಪೂರ್ತಿ ಕೇಳಿ, “ಹೌದೇನವ್ವಾ? ಹಂಗಾದ್ರ ಜರಾ ಸೆಗಣಿ ಬುಟ್ಟಿ ಎತ್ತು” ಅಂದಳು. ರಜೆ ಮುಗಿಸಿ ನಿಲಂಗಾ ಮಾರ್ಗದ ಬಸ್ಸಿನಲ್ಲಿ ಉದಗೀರಿಗೆ ಹೊರಟಾಗ ಕೈಯನ್ನು ಮೂಸಿಮೂಸಿ ನೋಡಿಕೊಳ್ಳುತ್ತಿದ್ದೆ. ಹಾಸ್ಟೆಲಿನ ಗೆಳತಿಯರ ಮುಂದೆ ನನ್ನ ತಾಯಿ ಅಂಗಡಿಕಾರನ ಹೆಂಡತಿಯೇ ಹೊರತು ಗಂಜಳ ಹಿಡಿಯುವವಳಾಗಿರಲಿಲ್ಲ.

ಹುಳಕ್ಕೂ ಅವ್ವನ ಹತ್ತಿರ ಮದ್ದಿತ್ತು. ಬೇವಿನ ಎಲೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಜಜ್ಜಿ, ಗಂಜಳದಲ್ಲಿ ಕುದಿಸಿ, ಆರಿಸಿ, ಸೋಸಿದ ಕಷಾಯ. ಅದಕ್ಕೆ ನೀರು ಬೆರೆಸಿ ಸಿಂಪಡಿಸುತ್ತಿದ್ದಳು. ನಮ್ಮ ಕಡೆ ಅಂಗಡಿಯ ಕೀಟನಾಶಕಕ್ಕೆ ‘ಎಣ್ಣಿ’ ಅನ್ನುತ್ತಾರೆ. ಎಂಥ ಮುದ್ದಾದ ಹೆಸರು ನೋಡಿ. ಒಗ್ಗರಣೆಗೂ ಎಣ್ಣಿ, ತಲೆಗೂ ಎಣ್ಣಿ, ಬೆಳೆಗೂ ಎಣ್ಣಿ. ಅಪ್ಪನ ಅಂಗಡಿಯಲ್ಲೂ ಒಂದು ಹಲಗೆಯ ತುಂಬ ಆ ಎಣ್ಣಿ ಇತ್ತು. ಮಾರಾಟಕ್ಕೆ ಅವ್ವ ಅಡ್ಡಿ ಮಾಡಿರಲಿಲ್ಲ, ಆದರೆ ನಮ್ಮ ಹೊಲದೊಳಗೆ ಅದರ ಹನಿ ಬೀಳಬಾರದು ಎಂದು ಕಟ್ಟುಮಾಡಿದ್ದಳು. ಅಪ್ಪ ಎರಡು ವರ್ಷ ಆ ಮಾತು ನಡೆಸಿದ.

ಮೂರನೆಯ ವರ್ಷ ತೊಗರಿ ತಲೆಯೆತ್ತರ ಬೆಳೆದು ಹೂವು ಕಾಯಿಗಳಿಂದ ತೂಗಿತು. ಎಳ್ಳಮಾಸಿ ಹತ್ತಿರ ಬಂದಾಗ ಕಾಯಿ ಕೊರೆಯುವ ಹುಳು ಬಿತ್ತು. ಅಕ್ಕಪಕ್ಕದ ಹೊಲದವರು ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣಿ ಹೊಡೆದರು. ಅವ್ವ ತನ್ನ ಕಷಾಯ ಹೊಡೆದಳು, ಹಕ್ಕಿ ಕೂತು ಹುಳು ತಿನ್ನಲಿ ಎಂದು ಸಾಲುಗಳ ನಡುವೆ ಕವಲುಗೋಲು ನೆಟ್ಟಳು. ಅಪ್ಪ ದಿನಾ ಸಂಜೆ ಬಂದು ಒಂದೊಂದು ಕಾಯಿ ಬಿಡಿಸಿ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ.

ನಾನು ಹಬ್ಬಕ್ಕೆ ರಜೆ ಹಾಕಿ ಬಂದಿದ್ದೆ. ಬಂದವಳು ನೋಡುತ್ತೇನೆ, ಅವ್ವ ಮಿಕ್ಕ ಕಷಾಯವನ್ನು ಉಪ್ಪಿನಕಾಯಿ ಭರಣಿಯಲ್ಲಿ ತುಂಬಿಟ್ಟಿದ್ದಾಳೆ. ನನಗೆ ಮೈ ಉರಿಯಿತು. ಅಪ್ಪನ ಕೆಮ್ಮಿನ ಟಾನಿಕ್ಕಿನ ಖಾಲಿ ಬಾಟಲಿ ಅಲ್ಲೇ ಬಿದ್ದಿತ್ತು, ಕಂದು ಗಾಜಿನದು. ಕಷಾಯವನ್ನು ಅದಕ್ಕೆ ಸುರಿದು, ಭರಣಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದೆ. ಆಮೇಲೆ ಹಬ್ಬದ ಸಲುವಾಗಿ ಶೆಡ್ಡಿನ ಹಲಗೆಗಳನ್ನೆಲ್ಲ ಒರೆಸಿದೆ. ಹಿಟ್ಟಿನ ಡಬ್ಬಿಯ ಹಿಂದೆ ಅಂಥದೇ ಇನ್ನೊಂದು ಕಂದು ಬಾಟಲಿ ಸಿಕ್ಕಿತು. ಟಾನಿಕ್ಕೇ ಇರಬೇಕು ಎಂದು ಮುಚ್ಚಳ ಕೂಡ ತೆಗೆಯದೆ ಎರಡನ್ನೂ ಒಂದರ ಪಕ್ಕ ಒಂದು, ಅಂದವಾಗಿ ನಿಲ್ಲಿಸಿದೆ.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ. ಅಂಗಡಿಯಲ್ಲಿ ಆ ದಿನ ಒಣಮೆಣಸಿನಕಾಯಿ ಚೀಲ ಬಿಚ್ಚಿದ್ದರಂತೆ, ಕೆಮ್ಮು ಹಿಡಿದುಕೊಂಡಿತ್ತು. ನಾನು ಹೊರಗೆ ಒಲೆಯ ಮುಂದಿದ್ದೆ, ಅವ್ವ ಆಕಳಿಗೆ ನೀರು ಕುಡಿಸುತ್ತಿದ್ದಳು. ಒಳಗೆ ಕೆಮ್ಮು ಜೋರಾಯಿತು, ಒಮ್ಮೆ ನಿಂತಿತು, ಆಮೇಲೆ ಗಾಜು ಒಡೆದ ಸದ್ದು. ಓಡಿ ಹೋದೆ. ಅಪ್ಪ ಗಂಟಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಕಣ್ಣು ಮೂಗಿನಲ್ಲಿ ನೀರು. ಹಲಗೆ ವಾರೆಯಾಗಿ, ಎರಡೂ ಬಾಟಲಿ ಕೆಳಗೆ ಬಿದ್ದು ಚೂರಾಗಿ, ಎರಡರದ್ದೂ ದ್ರವ ನೆಲದ ಮೇಲೆ ಕೂಡಿ ಹರಿದಿತ್ತು.

ಹಿಂದೆಯೇ ಓಡಿ ಬಂದ ಅವ್ವ ಅವನ ಬಾಯಿ ಮೂಸಿ ನೋಡಿ, “ನನ್ನ ಕಷಾಯ ಕುಡದೀರಿ. ಮೆಣಸಿನಕಾಯಿ ಖಾರ, ಮತ್ತೇನಿಲ್ಲ. ಮೊಸರು ಕುಡೀರಿ, ಇಳೀತದ” ಅಂದಳು. ನನಗೂ ನಗು ಬರುವುದರಲ್ಲಿತ್ತು. ಆದರೆ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅವನು ಅವ್ವನ ಕಡೆ ನೋಡಲಿಲ್ಲ. ನನ್ನ ಕೈ ಹಿಡಿದು, “ಸರೂ, ಆ ಇನ್ನೊಂದು ಬಾಟ್ಲಿನಾಗ ಎಣ್ಣಿ ಇತ್ತು” ಎಂದ.

“ಯಾವ ಎಣ್ಣಿ?” ಎಂದು ಕೇಳಿದವಳು ಅವ್ವ.

“ಅಂಗಡ್ಯಾಂದು. ತೊಗರಿಗಿ ಹೊಡೀಬೇಕಂತ ತಂದಿಟ್ಟಿದ್ದೆ. ನಾಳಿ ನೀ ನಿಮ್ಮಣ್ಣಗ ಹಬ್ಬಕ್ಕ ಕರೀಲಾಕ ದೇವಣಿಗಿ ಹೋಗಾಕಿ ಇದ್ದಿ. ಆವಾಗ ಹೊಡೀಬೇಕಂತ ಮಾಡಿದ್ದೆ. ನಿನಗ ಗೊತ್ತಾಗಬಾರದಂತ ಟಾನಿಕ್ ಬಾಟ್ಲಿಗಿ ಹಾಕಿದ್ದೆ.” ನೆಲದ ಮೇಲಿನ ಚೂರುಗಳ ಕಡೆ ಕೈ ತೋರಿಸಿದ. “ಕೆಮ್ಮಿನಾಗ ಕೈಗಿ ಸಿಕ್ಕದ್ದು ಬಾಯಿಗಿ ಹಾಕೀನಿ. ಯಾವ್ದು ಕುಡದೆ, ನನಗ ಖರೇನೇ ಗೊತ್ತಿಲ್ಲ.”

ಆ ಎರಡು ಬಾಟಲಿಯನ್ನು ಪಕ್ಕಪಕ್ಕ ನಿಲ್ಲಿಸಿ ನಾನು ಏನು ಮಾಡಿದ್ದೆನೆಂದು ನನಗೆ ಆಗ ಅರ್ಥವಾಯಿತು. ಬೆಳ್ಳುಳ್ಳಿ ವಾಸನೆ ಬರುತ್ತಿದೆ, ಅಂದರೆ ಅವ್ವನ ಕಷಾಯವೇ ಎಂದು ಸಮಾಧಾನ ಮಾಡಿಕೊಳ್ಳಲೂ ನನ್ನ ವಿದ್ಯೆ ಬಿಡಲಿಲ್ಲ. ಅಂಥ ಕೀಟನಾಶಕಗಳಲ್ಲಿ ಕೆಲವಕ್ಕೆ ಬೆಳ್ಳುಳ್ಳಿಯದೇ ವಾಸನೆ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದು ಅದೇ ಗಳಿಗೆಯಲ್ಲಿ ನೆನಪಾಗಬೇಕೇ.

ರಸ್ತೆಗೆ ಓಡಿ ಉಮರ್ಗಾ ಕಡೆ ಹೊರಟ ಒಂದು ಜೀಪು ನಿಲ್ಲಿಸಿದೆ. ಅಪ್ಪನನ್ನು ಹತ್ತಿಸಿದ ಮೇಲೆ ಹಿಂದಿರುಗಿ ನೋಡಿದರೆ ಅವ್ವ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಾಳೆ. “ನೀ ಮುಂದ ನಡಿ. ನಾ ಹಿಂದಿನ ಗಾಡಿಗಿ ಬರ್ತೀನಿ” ಎಂದಳು. ನನಗೆ ಸಿಟ್ಟು ಬಂತು. ಗಂಡ ಮೋಸ ಮಾಡಿದನೆಂಬ ಸಿಟ್ಟಿಗೆ ಇಂಥ ಹೊತ್ತಿನಲ್ಲಿ ಹಿಂದೆ ಉಳಿಯುವುದೇ ಎಂದುಕೊಂಡೆ. ದಾರಿಯುದ್ದಕ್ಕೂ ಅಪ್ಪ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡು ಕೂತಿದ್ದ. ಒಮ್ಮೆ ಮಾತ್ರ, “ನಾಡದು ಹಬ್ಬಕ್ಕ ಅದೇ ಕಾಯಿ ಕಿತ್ತು ಭಜ್ಜಿ ಪಲ್ಯ ಮಾಡಾಕಿ ಇದ್ಲು, ಸರೂ. ನಾ ಎಣ್ಣಿ ಹೊಡದಿದ್ರ ಎಲ್ಲಾರೂ ಅದನ್ನೇ ಉಣ್ತಿದ್ರು” ಎಂದ. ತನ್ನ ಜೀವಕ್ಕಿಂತ ಆ ಮಾತು ಅವನನ್ನು ಹೆಚ್ಚು ಕೊರೆಯುತ್ತಿತ್ತು ಅನಿಸಿತು.

ಆಸ್ಪತ್ರೆಯ ಡಾಕ್ಟರು ಇನ್ನೂ ಎಳೆ ವಯಸ್ಸಿನವರು, ಮರಾಠಿ ಮಾತಿನವರು. ಅಪ್ಪನ ಬಾಯಿಯ ಹತ್ತಿರ ಬಗ್ಗಿ, “ಲಸಣಾಚಾ ವಾಸ್ ಯೇತೋಯ್” ಎಂದರು. ಬೆಳ್ಳುಳ್ಳಿ ವಾಸನೆ ಬರುತ್ತಿದೆ ಎಂದು ಹೇಳಿದಾಗ ಅವರ ಮುಖ ಬಿಗಿಯಿತು. ನರ್ಸಿಗೆ ಇಂಜೆಕ್ಷನ್ ಸಿದ್ಧವಿಡಲು ಹೇಳಿದರು. ಕೊಳವೆ ಹಾಕಿ ಹೊಟ್ಟೆ ತೊಳೆದರು. ಬ್ಯಾಟರಿ ಹಾಕಿ ಕಣ್ಣು ನೋಡಿದರು, ನಾಡಿ ಹಿಡಿದರು, ಮತ್ತೆ ಕಣ್ಣು ನೋಡಿದರು. ವಿಷವಾಗಿದ್ದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ ಎಂದು ನನಗೆ ವಿವರಿಸಿದರು. ಸದ್ಯಕ್ಕೆ ಹಾಗಿಲ್ಲ, ಆದರೆ ಸ್ವಲ್ಪ ತಡವಾಗಿಯೂ ಶುರುವಾಗಬಹುದು. ನಾನು ಅಪ್ಪನ ಕಣ್ಣನ್ನೇ ನೋಡುತ್ತ ಕೂತೆ. ಅಪ್ಪನ ಕಣ್ಣು ತಿಳಿಗಂದು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಅವ್ವ ಬಂದಳು. ಒಂದು ಕೈಯಲ್ಲಿ ಬಟ್ಟೆ ಕಟ್ಟಿದ ತಂಬಿಗೆ, ಕಷಾಯ ಕುದಿಸಿದ ಗಡಿಗೆಯ ತಳದಲ್ಲಿ ಉಳಿದಿದ್ದುದನ್ನು ಬಗ್ಗಿಸಿ ತಂದದ್ದು. ಇನ್ನೊಂದು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಅದರಲ್ಲಿ ಒಂದು ಪೊಟ್ಟಣ ಹಿಡಿದಿದ್ದಳು. ನನ್ನನ್ನೂ ಅಪ್ಪನನ್ನೂ ದಾಟಿ ನೇರ ಡಾಕ್ಟರ ಮೇಜಿನ ಹತ್ತಿರ ಹೋಗಿ ಪೊಟ್ಟಣ ಬಿಚ್ಚಿದಳು. ಒಡೆದ ಎರಡು ಬಾಟಲಿಯ ಕುತ್ತಿಗೆಗಳು. ಒಂದಕ್ಕೆ ಮುಚ್ಚಳವಿರಲಿಲ್ಲ, ಒಳಗೆ ಮೆಣಸಿನಕಾಯಿ ಬೀಜ ಅಂಟಿದ್ದವು. ಇನ್ನೊಂದಕ್ಕೆ ಮುಚ್ಚಳ ಬಿಗಿಯಾಗಿ ಹಾಗೇ ಇತ್ತು.

“ನೋಡ್ರಿ ಡಾಕ್ಟರ್ ಸಾಹೇಬ್ರ, ಎಣ್ಣಿ ಬಾಟ್ಲಿ ಇದು. ಮುಚ್ಚಳಾನೇ ತಗದಿಲ್ಲ” ಎಂದು ಕನ್ನಡದಲ್ಲಿ ಶುರುಮಾಡಿ, ಅವರಿಗೆ ಕನ್ನಡ ತಿಳಿಯದೆಂದು ನೆನಪಾಗಿ ನನ್ನ ಕಡೆ ತಿರುಗಿದಳು. “ಸರೂ, ನೀ ಹೇಳು. ಕುಡಿದು, ಕೆಮ್ಮಿ, ಬಿದ್ದು ಒದ್ದಾಡೋ ಮನಶ್ಯಾಗ ಮುಚ್ಚಳ ತಿರುವಿ ಹಾಕ್ಲಾಕ ಪುರಸತ್ ಎಲ್ಲಿರ್ತದ ಅಂತ ಕೇಳು.”

ಕೇಳಿದೆ. ಡಾಕ್ಟರು ಎರಡೂ ಚೂರುಗಳನ್ನು ಚಿಮಟದಿಂದ ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ತಂಬಿಗೆಯ ಬಟ್ಟೆ ಸರಿಸಿ ಮೂಸಿದರು, ತಲೆ ಹಿಂದಕ್ಕೆಳೆದುಕೊಂಡರು. “ಲಸಣಾಚಾಚ್ ವಾಸ್ ಆಹೇ” ಎಂದು ಅವ್ವ ತನಗೆ ಬಂದ ಮರಾಠಿಯಲ್ಲಿ ಹೇಳಿದಳು: ಬೆಳ್ಳುಳ್ಳಿಯ ವಾಸನೆ, ಬೆಳ್ಳುಳ್ಳಿಯದೇ. ಡಾಕ್ಟರು ನಕ್ಕುಬಿಟ್ಟರು. ನಕ್ಕ ಕೂಡಲೇ ಗಂಭೀರರಾಗಿ, ಮೊದಲು ಸಾಬೂನು ಹಚ್ಚಿ ಕೈ ತೊಳೆಯಿರಿ ಎಂದು ಅವ್ವನನ್ನು ಗದರಿದರು. ಇದರಲ್ಲಿ ಏನೇನಿದೆ ಎಂದು ಕೇಳಿದರು. ನಾನು ಬೇವು, ಮೆಣಸಿನಕಾಯಿ, ಬೆಳ್ಳುಳ್ಳಿ ಎಂದು ಹೇಳಿ, ಕೊನೆಯದನ್ನು ಹೇಳಲು ತಡವರಿಸಿದೆ. ಅವ್ವನೇ, “ಗೋಮೂತ್ರ” ಎಂದಳು. ಅದನ್ನು ಮಂಚದ ಮೇಲಿನ ಅಪ್ಪ ಕೇಳಿಸಿಕೊಂಡ. ಕಣ್ಣು ಮುಚ್ಚಿ, “ಚಲೋ ಆಯ್ತು, ಶಿವನೇ” ಅಂದ. ಗೋಮೂತ್ರ ಕುಡಿದೆನೆಂದು ತಿಳಿದು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಇಂಜೆಕ್ಷನ್ ಕೊಡಲಿಲ್ಲ. ಆದರೂ ಮರುದಿನ ಬೆಳಗಿನವರೆಗೆ ಇಟ್ಟುಕೊಂಡು ನೋಡಿಯೇ ಬಿಟ್ಟರು. ಹೊರಡುವಾಗ ಡಾಕ್ಟರು ನನಗೆ, ತಾಯಿಯ ಔಷಧ ಬೆಳೆಗಷ್ಟೇ, ಗಂಡನಿಗಲ್ಲ ಎಂದು ಹೇಳಿ, ಬಾಟಲಿಗಳಿಗೆ ಹೆಸರು ಬರೆದಿಡಿ ಎಂದರು. ನಾನು ಏನು ಓದುತ್ತಿದ್ದೇನೆ ಎಂದು ಅವರು ಕೇಳಲಿಲ್ಲ. ದೇವರ ದಯೆ.

ಬಸ್ಸಿನಲ್ಲಿ ಅವ್ವ, ಅಪ್ಪ ಅಕ್ಕಪಕ್ಕ ಕೂತಿದ್ದರು. ಗುಂಜೋಟಿ ಹತ್ತಿರ ಬಂದಾಗ ಅವ್ವ ಕಿಟಕಿಯ ಹೊರಗೆ ನೋಡುತ್ತಲೇ, “ನಮ್ಮ ಹೊಲಕ್ಕ ಬ್ಯಾಡಾದದ್ದು ಮಂದಿ ಹೊಲಕ್ಕ ಹ್ಯಾಂಗ ಕೊಡ್ತೀರಿ?” ಎಂದು ಕೇಳಿದಳು. ನಾನು ಮುಂದಿನ ರಜೆಗೆ ಬಂದಾಗ ಅಂಗಡಿಯ ಆ ಹಲಗೆಯ ಮೇಲೆ ಅವಲಕ್ಕಿ, ಚುರಮುರಿ ಕೂತಿದ್ದವು. ಯಾರಾದರೂ ಎಣ್ಣಿ ಕೇಳಿದರೆ ಅಪ್ಪ, “ನಮ್ಮಲ್ಲಿ ಸಿಗಂಗಿಲ್ರಿ” ಎಂದಷ್ಟೇ ಹೇಳುತ್ತಿದ್ದ. ಕಾರಣ ಕೇಳಿದವರನ್ನು ಹೊಲಕ್ಕೆ, ಅವ್ವನ ಹತ್ತಿರ ಕಳಿಸುತ್ತಿದ್ದ.

ಆದರೆ ನಾನು ಹೇಳಬೇಕೆಂದದ್ದು ಎಳ್ಳಮಾಸಿಯ ದಿನದ ಮಾತು. ಆಸ್ಪತ್ರೆಯಿಂದ ಬಂದ ಮರುದಿನವೇ ಹಬ್ಬ. ಅವ್ವನಿಗೆ ದೇವಣಿಗೆ ಹೋಗಲಾಗಿರಲಿಲ್ಲ, ಆದರೂ ಸುದ್ದಿ ಹೇಗೋ ಮುಟ್ಟಿ ಮಾವ ಬೆಳಿಗ್ಗೆಯೇ ಬಂದಿಳಿದಿದ್ದ. ಜೋಳದ ಕಣಿಕೆಯ ಗುಡಿಸಲು ಕಟ್ಟಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದ ಸುತ್ತ ಹಬ್ಬದ ಮಜ್ಜಿಗೆ ಅಂಬಲಿ ಚೆಲ್ಲಿ ಬಂದೆವು. ಹಸಿಕಾಳು, ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿಗೆ ಕಾಯಿ ಸಾಲದೆ ಅವ್ವ ಮತ್ತೆ ತೊಗರಿ ಸಾಲಿಗೆ ಇಳಿದಳು. ನಾನು ಬುಟ್ಟಿ ಹಿಡಿದು ಹಿಂದೆ ಹೋದೆ. ಅಪ್ಪನೂ ಎದ್ದು ನಿಧಾನವಾಗಿ ಬಂದ. ಗಂಟಲು ಇನ್ನೂ ಕೆಂಪಗಿತ್ತು. ಎರಡು ದಿನದಿಂದ ಮೊಸರನ್ನದ ಹೊರತು ಏನೂ ಇಳಿದಿರಲಿಲ್ಲ.

ಹುಳು ಎಲ್ಲ ಹೋಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಕಾಯಿಗೆ ತೂತು ಬಿದ್ದಿತ್ತು, ಬಹಳಷ್ಟು ಗಟ್ಟಿಯಾಗಿದ್ದವು. ಅಪ್ಪ ಒಂದು ಕಾಯಿ ಕಿತ್ತು ಬಿಡಿಸಿದ. ಮೂರು ಹಸಿರು ಕಾಳು, ನಾಲ್ಕನೆಯದರ ಜಾಗದಲ್ಲಿ ದುಂಡಗಿನ ಹುಳು ತಲೆ ಎತ್ತಿ ಆಡಿಸುತ್ತಿತ್ತು. ಅವನು ಅದನ್ನು ಬೆರಳ ಮೇಲೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದು ನೋಡಿದ.

“ಇಂವಾ ಜಿಂದಾ ಇದ್ದಾನಂದ್ರ ನಾವೂ ಉಣ್ಣಬಹುದು” ಎಂದ. ಹುಳುವನ್ನು ಬದುವಿನಾಚೆ ಬಿಟ್ಟು, ಮೂರು ಕಾಳನ್ನೂ ತೊಳೆಯದೆ, ಒರೆಸದೆ ಬಾಯಿಗೆ ಹಾಕಿಕೊಂಡು ಅಗಿದು, ನೋಯುವ ಗಂಟಲಿನಿಂದ ನಿಧಾನಕ್ಕೆ ನುಂಗಿದ.

ನಾನು ನಕ್ಕೆ. ಅವ್ವನೂ ನಗುತ್ತಾಳೆ ಎಂದುಕೊಂಡಿದ್ದೆ. ಭೂಕಂಪದಲ್ಲಿ ಅಳದವಳು, ಆಸ್ಪತ್ರೆಯಲ್ಲಿ ಅಳದವಳು, ಅಲ್ಲೇ ಬದುವಿನ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. ಗುಡಿಸಲ ಹತ್ತಿರದಿಂದ ಮಾವ ಏನಾಯಿತೆಂದು ಕೂಗಿ ಕೇಳಿದ, ನಾನು ಏನಿಲ್ಲವೆಂದು ಕೈ ಬೀಸಿದೆ. ಅಪ್ಪನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸಮಾಧಾನದ ಮಾತು ಅವನಿಗೆ ಯಾವತ್ತೂ ಬಂದಿರಲಿಲ್ಲ. ಅವಳ ಪಕ್ಕ ಕೂತ. ಒಂದು ಕಾಯಿ ಕಿತ್ತ, ಬಿಡಿಸಿ ಕಾಳನ್ನು ಅವಳ ಉಡಿಗೆ ಹಾಕಿದ. ಇನ್ನೊಂದು ಕಿತ್ತ. ಅವಳು ಅಳುವುದನ್ನು ನಿಲ್ಲಿಸುವವರೆಗೂ ಬಿಡಿಸುತ್ತಲೇ ಇದ್ದ. ನಿಲ್ಲಿಸಿದ ಮೇಲೂ ಬಿಡಿಸುತ್ತಿದ್ದ.